ಎರಡು ರಕ್ತ, ಒಂದೇ ನಂಬರು

ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಕಮಲಾಪುರದಲ್ಲಿ ನೆಟ್ ಹೋಯಿತು. ಅದೇನು ಸುದ್ದಿಯೇ?

ಅದೇ ಹೊತ್ತಿಗೆ ಕಲಬುರಗಿಯ ಒಂದು ಲ್ಯಾಬ್‌ನಲ್ಲಿ (ಹೆಸರು ಬೇಡ) ನನ್ನ ಸೋದರತ್ತೆ ರಕ್ತ ಕೊಡುತ್ತಿದ್ದರು. ಸಂಜೆ ಬ್ರಹ್ಮಪುರದ ಮನೆಯಲ್ಲಿದ್ದಾಗ ಮೊಬೈಲಿಗೆ ರಿಪೋರ್ಟ್ ಬಂತು. ಸಕ್ಕರೆ ನಾಲ್ಕು ನೂರರ ಮೇಲೆ. ಡಾಕ್ಟರು ಫೋನಿನಲ್ಲೇ ಇನ್ಸುಲಿನ್ ಹೇಳಿದರು. ಪಕ್ಕದ ಮನೆಯ ನರ್ಸ್ ಬಂದು ಸಿರಿಂಜ್ ತುಂಬಿಕೊಂಡರು.

ನಾನು ಸುಮ್ಮನೆ ರಿಪೋರ್ಟನ್ನು ಕೆಳಗೆ ಸರಿಸುತ್ತಿದ್ದೆ. ಕೊನೆಯ ಸಾಲು: ಪ್ರಾಸ್ಟೇಟ್, ನಾರ್ಮಲ್.

"ಸಿಸ್ಟರ್, ನಿಲ್ರಿ. ಇದು ಗಂಡಸರ ಟೆಸ್ಟ್ ಅದ."

"ನಾರ್ಮಲ್ ಅದ ಅಲ್ಲೇನು?" ಎಂದರು ಅತ್ತೆ, ಚಾಚಿದ ತೋಳನ್ನು ಇಳಿಸದೆ. "ನಿಮ್ಮ ಮಾಮಗ ಹೇಳು, ಖುಷಿ ಪಡ್ತಾರ."

ನರ್ಸ್ ಬೆರಳು ಚುಚ್ಚಿ ನೋಡಿದರು. ಸಕ್ಕರೆ ಸರಿಯಾಗಿಯೇ ಇತ್ತು. ಆ ಸೂಜಿ ಒಳಗೆ ಹೋಗಿದ್ದರೆ? (ಈಗಲೂ ನನಗೆ ಆ ತೋಳು ಕಾಣುತ್ತದೆ.) ಅತ್ತೆ ಕೇಳಿದ್ದು ಬೇರೆ: "ಹಂಗಾರ ನನ್ನ ರಿಪೋರ್ಟ್ ಯಾರ್ ಕೈಯಾಗ ಅದ?"

ಹೌದು. ಎಲ್ಲೋ ಒಬ್ಬರು ಅತ್ತೆಯ ನಾರ್ಮಲ್ ರಿಪೋರ್ಟ್ ನಂಬಿ ಸಿಹಿ ತಿನ್ನುತ್ತಿರಬೇಕು.

ಲ್ಯಾಬ್‌ಗೆ ಓಡಿದೆ. ಕಮಲಾಪುರದ ಶಾಖೆ ರಕ್ತ ತೆಗೆದು, ನಂಬರು ಅಂಟಿಸಿ ಇಲ್ಲಿಗೆ ಕಳಿಸುತ್ತದೆ. ಕೊನೆಯ ನಂಬರಿಗೆ ಒಂದು ಕೂಡಿಸಿದರೆ ಹೊಸ ನಂಬರು. ನೆಟ್ ಇಲ್ಲದಾಗ, ಒಂದರ ನಂಬರು ಇನ್ನೊಂದಕ್ಕೆ ಕಾಣದೆ, ಅಲ್ಲಿಯ ಕಂಪ್ಯೂಟರ್ ತಾನೇ ಕೂಡಿಸಿತು, ಇಲ್ಲಿಯದೂ ಕೂಡಿಸಿತು. ಎರಡರ ಲೆಕ್ಕವೂ ಸರಿ. ನಂಬರು ಮಾತ್ರ ಒಂದೇ. ಫಲಿತಾಂಶಗಳು ಅದಲುಬದಲಾದವು.

"ಒಂದ ನಂಬರ್ ಎರಡ್ ಸಲ ಬರದಂಗ ಡೇಟಾಬೇಸಿನ್ಯಾಗ ತಡೆ ಹಾಕ್ತಾರಲ್ರೀ?"

"ಹಾಕಿದ್ವಿರೀ," ಎಂದರು ಮ್ಯಾನೇಜರ್. "ಎರರ್ ಬಂದು ನಿಂತುಬಿಡ್ತಿತ್ತು. ಕ್ಯೂನ್ಯಾಗ ಮಂದಿ ಒದರತಿದ್ರು. ಅದಕ್ಕ ತೆಗದ್ವಿ."

ಆ ಇನ್ನೊಬ್ಬರು ಕಮಲಾಪುರದ ಬಾಳೆಹಣ್ಣಿನ ವ್ಯಾಪಾರಿ. ಫೋನ್ ಎತ್ತಿದರು. "ನಾರ್ಮಲ್ ಅಂತ ಬಂತಲ್ರೀ, ಮನ್ಯಾಗ ಹೋಳಿಗಿ ಮಾಡ್ಯಾರ. ಬಾಯಿ ಮಾತ್ರ ಭಾಳ ಒಣಗಾಕತ್ತದ."

ಆ ಸಂಜೆಯೇ ಅವರನ್ನು ಕಲಬುರಗಿಗೆ ತಂದು ಅಡ್ಮಿಟ್ ಮಾಡಿದರು. ಬದುಕಿಕೊಂಡರು. ಆದರೂ ನನಗೆ ದಿನವೂ ನಡುರಾತ್ರಿ ಎಚ್ಚರವಾಗುತ್ತಿತ್ತು.

ಮುಂದಿನ ಸೋಮವಾರ ಅತ್ತೆಯ ಸರಿಯಾದ ರಿಪೋರ್ಟ್ ತರಲು ಹೋದೆ. ಕಂಪ್ಯೂಟರ್ ‘ಈ ನಂಬರು ಆಗಲೇ ಇದೆ’ ಎಂದು ಎರರ್ ತೋರಿಸಿ ನಿಂತಿತ್ತು, ಕ್ಯೂನಲ್ಲಿದ್ದ ಜನ ಒದರುತ್ತಿದ್ದರು.

ಅವತ್ತು ರಾತ್ರಿ ನಾನು ಬೆಳಗಿನವರೆಗೂ ನಿದ್ದೆ ಮಾಡಿದೆ.