ಮೂರನೇ ಮಂಚದ ಪರದೆ

ಜೈಲಿನ ಚರಿತ್ರೆ ಬರೆಯುವ ಕೆಲಸ ನನ್ನ ಮೇಜಿಗೆ ಬಂದ ದಿನ ಕುರ್ಚಿಯಲ್ಲಿ ಕೂರಲಾಗದೆ ಮೂರು ಸಲ ಚಹಾ ಕುಡಿದು ಬಂದಿದ್ದೆ. ದುಬೈನ ಜೆಬೆಲ್ ಅಲಿಯ ನಮ್ಮ ಡ್ರಾಯಿಂಗ್ ಆಫೀಸಿನಲ್ಲಿ ಅದುವರೆಗೆ ನಾನು ಬಿಡಿಸಿದ್ದು ಗೋದಾಮು, ಲೇಬರ್ ಕ್ಯಾಂಪು, ಮತ್ತೆ ಗೋದಾಮು. ಈಗ ನೋಡಿದರೆ ದೂರದ ಯಾವುದೋ ದೇಶದಲ್ಲಿ ಖಾಸಗಿ ಕಂಪನಿ ನಡೆಸುವ ಜೈಲು! ಸರಕಾರ ತಲೆಗೆ ಇಷ್ಟು ಎಂದು ಕೊಡುತ್ತದಂತೆ, ಕಂಪನಿ ಕೈದಿಗಳನ್ನು ಇಟ್ಟುಕೊಳ್ಳುತ್ತದಂತೆ. ಹೀಗೂ ಉಂಟಾ ಮಾರಾಯ್ರೆ ಎಂದು ಬಾಯಿ ಬಿಟ್ಟು ಕೂತೆ. ಅವರಿಗೆ ಪ್ರತಿ ಕೋಣೆಯಲ್ಲೂ ಇನ್ನೊಬ್ಬನನ್ನು ಹಿಡಿಸಬೇಕಿತ್ತು. ಜೊತೆಗೆ ಜೈಲು ಬೆಳೆದು ಬಂದ ಬಗೆಯನ್ನು ಹಳೆಯ ನಕ್ಷೆಗಳ ಮೂಲಕ ಹೇಳುವ ಸಣ್ಣದೊಂದು ಪುಸ್ತಕ ಬೇಕಿತ್ತು.

ನಮ್ಮ ಬಾಸ್ ಭಟ್ಕಳದವರು. ನಕ್ಷೆಗಳ ಕಟ್ಟನ್ನು ನನ್ನ ಮುಂದಿಟ್ಟು, "ನಿನ್ನ ನಕ್ಷೆ ಒಪ್ಪಿ ಅವರು ಈ ಕೆಲಸ ನಮಗೇ ಕೊಟ್ರೆ ನೀನು ಪರ್ಮನೆಂಟ್ ಮಾರಾಯ್ತಿ. ಮಗಳ ವೀಸಾಕ್ಕೆ ಬೇಕಾದ ಪತ್ರಕ್ಕೆ ಅವತ್ತೇ ಸೈನ್ ಹಾಕ್ತೇನೆ. ಯಲ್ಲಾ, ಬೇಗ ಶುರು ಮಾಡು" ಎಂದರು.

ಅಪ್ಪನಿಲ್ಲದ ನನ್ನ ಏಳು ವರ್ಷದ ಮಗಳು ಆಗ ಕುಂದಾಪುರದಲ್ಲಿ ಅಜ್ಜಿಯ ಜೊತೆಗಿದ್ದಳು. ನಾನಿದ್ದದ್ದು ಕರಾಮದಲ್ಲಿ, ಐವರು ಹೆಂಗಸರ ಜೊತೆ ಒಂದೇ ಕೋಣೆಯ ಬೆಡ್‌ಸ್ಪೇಸ್‌ನಲ್ಲಿ. ಬಾಡಿಗೆಗೆ ಸಿಗುವುದು ಒಂದು ಮಂಚ ಅಷ್ಟೆ. ಸುತ್ತ ಪರದೆ ನಾವೇ ಕಟ್ಟಿಕೊಳ್ಳಬೇಕು. ನನ್ನದು ಹಸಿರು ಹೂವಿನದು. ಪರದೆ ಎಳೆದವಳನ್ನು ಯಾರೂ ಮಾತಾಡಿಸಬಾರದು, ಇಣುಕಿಯೂ ನೋಡಬಾರದು ಎಂಬುದು ನಮ್ಮ ಕೋಣೆಯ ಕಾನೂನು. ಅದರೊಳಗೆ ಕೂತೇ ದಿನಾ ಮಗಳಿಗೆ ವಿಡಿಯೋ ಕಾಲ್ ಮಾಡುತ್ತಿದ್ದೆ. ನನ್ನ ದುಬೈ ಎಂದರೆ ಅವಳಿಗೆ ಆ ಹಸಿರು ಹೂವುಗಳೇ.

ನಕ್ಷೆಗಳನ್ನು ಬಿಚ್ಚುತ್ತಾ ಹೋದಂತೆ ನನಗೆ ಹುಚ್ಚೇ ಹಿಡಿಯಿತು. ಮೊದಲ ಹಾಳೆಯಲ್ಲಿ ಅದು ಬಟ್ಟೆ ಮಿಲ್ಲಿನ ಗೋದಾಮು. ಮುಂದಿನದರಲ್ಲಿ ಕಂಪನಿ ಬಂದಿದೆ, ಗೋದಾಮು ಕೋಣೆಗಳಾಗಿದೆ: ಒಬ್ಬನಿಗೊಂದು ಮಂಚ, ಮೇಜು, ಕುರ್ಚಿ, ದೊಡ್ಡ ಕಿಟಕಿ. ಅದರ ಮುಂದಿನದರಲ್ಲಿ ಮಂಚದ ಮೇಲೊಂದು ಮಂಚ ಹತ್ತಿದೆ, ಕುರ್ಚಿ ಮಾಯ! ಆಮೇಲಿನದರಲ್ಲಿ ಕಿಟಕಿ ಅರ್ಧವಾಗಿದೆ. ಪತ್ತೇದಾರಿ ಕಾದಂಬರಿ ಓದುವವಳ ಹಾಗೆ ಊಟ ಮರೆತು ಹಾಳೆ ತಿರುವಿದೆ. ಮುಂದೆ ಹೋಗುವುದು ಮೇಜು ಎಂದು ನನಗೆ ಆಗಲೇ ಹೊಳೆದಿತ್ತು.

ಮೇಜು ತೆಗೆಯುವವಳು ನಾನೇ ಆಗಿದ್ದೆ ನೋಡಿ! ಮೇಜಿನ ಜಾಗದಲ್ಲಿ, ಹಿಂದಿನ ಗೋಡೆಗೆ ಅಡ್ಡವಾಗಿ, ಎದೆಮಟ್ಟಕ್ಕೆ ಮೂರನೇ ಮಂಚ; ಅದರಡಿ ಮೂವರ ಸಾಮಾನು. ನಮ್ಮ ಕೋಣೆಯಲ್ಲಿ ಆರನೆಯವಳನ್ನು ಹಿಡಿಸಿದ್ದು ಹಾಗೆಯೇ. ಸಂತೋಷದಲ್ಲಿ ಮೇಜು ಗುದ್ದಿಬಿಟ್ಟೆ. ಬಾಸ್ ಬಂದು ನೋಡಿ, "ಶಾಭಾಸ್! ಖಲಾಸ್, ಕೆಲಸ ನಮ್ದೇ" ಎಂದು ನಕ್ಷೆಗೆ ಸಹಿ ಹಾಕಿದರು.

ಜೈಲು ಕಂಪನಿಯವರು ಅಬುಧಾಬಿಯ ಹೋಟೆಲಿಗೆ ಬಂದಿದ್ದರು; ಬಾಸ್ ಜೊತೆ ನಕ್ಷೆ ಹಿಡಿದು ಹೋದೆ. ಅವರ ಮುಖ್ಯಸ್ಥೆ, ನರೆಗೂದಲಿನ ಹೆಂಗಸು, ನಕ್ಷೆಯನ್ನು ನೋಡುತ್ತಾ ತಲೆದೂಗಿದರು. ನನಗೆ ಎದೆಯೊಳಗೆ ಚೆಂಡೆ. ಆಮೇಲೆ ಅವರ ಪೆನ್ನು ಮಂಚದ ಸುತ್ತ ಇದ್ದ ಒಂದು ತೆಳು ಗೆರೆಯ ಮೇಲೆ ನಿಂತಿತು.

"ಇದೇನು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನೋಡಿದೆ. ಅಯ್ಯೋ ದೇವರೇ! ಪರದೆಯ ಸರಳು. ಮೂರು ಮಂಚಕ್ಕೂ ಹಾಕಿಬಿಟ್ಟಿದ್ದೆ. ಮಂಚ ಬಿಡಿಸಿದ ಕೈ ತನ್ನಷ್ಟಕ್ಕೆ ಅದನ್ನೂ ಬಿಡಿಸಿತ್ತು. ಡೇರಾದ ಬೆಡ್‌ಸ್ಪೇಸ್‌ನಲ್ಲಿ ಹದಿನಾಲ್ಕು ವರ್ಷ ಕಳೆದಿದ್ದ ಬಾಸ್‌ಗೂ ಅದು ತಪ್ಪೆಂದು ಕಂಡಿರಲಿಲ್ಲ.

"ಪರದೆ" ಎಂದೆ. "ಬಟ್ಟೆ ಬದಲಿಸಲಿಕ್ಕೆ. ಅಳು ಬಂದರೆ. ಮನೆಗೆ ಮಾತಾಡಲಿಕ್ಕೆ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಆಕೆಯೂ ನಕ್ಕು, ಕೈದಿ ಯಾವ ಹೊತ್ತಿಗೂ ಕಾವಲಿನವರ ಕಣ್ಣಿಗೆ ಕಾಣಬೇಕು, ಇದನ್ನು ತೆಗೆಯಿರಿ, ಉಳಿದದ್ದೆಲ್ಲ ಬಹಳ ಚೆನ್ನಾಗಿದೆ ಎಂದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೆ ಕೆಲಸ ಸಿಕ್ಕಿತು! ದುಬೈಗೆ ವಾಪಸು ಬರುವಾಗ ಬಾಸ್ ದಾರಿಯುದ್ದಕ್ಕೂ, "ಕೈದಿಗೆ ಪರದೆ ಹಾಕಿದವಳು ನೀನೊಬ್ಬಳೇ ಮಾರಾಯ್ತಿ" ಎಂದು ಕಾಡಿಸಿದರು. "ಸೈನ್ ಹಾಕಿದ್ದು ಯಾರು ಸರ್?" ಎಂದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮರುದಿನ ಕೂತು ಮೂರು ಗೆರೆ ಅಳಿಸಿದೆ. ಒಂದು ನಿಮಿಷದ ಕೆಲಸ.

ಎರಡು ತಿಂಗಳಲ್ಲಿ ಮಗಳು ಬಂದಳು. ಏರ್‌ಪೋರ್ಟಿನಲ್ಲಿ ನಾನು ಕಿರುಚಿದ್ದಕ್ಕೆ ಜನ ತಿರುಗಿ ನೋಡಿದರು, ನೋಡಲಿ! ಅಲ್ ಕುಸೈಸ್‌ನಲ್ಲಿ ಹಿಡಿದ ಒಂದೇ ಕೋಣೆಯ ಮನೆಯಲ್ಲಿ, ಅವಳ ಹಟಕ್ಕೆ, ಅವಳ ಮಂಚಕ್ಕೂ ಆ ಹಸಿರು ಹೂವಿನ ಪರದೆ ಕಟ್ಟಿಕೊಟ್ಟೆ. ಅಜ್ಜಿಗೆ ಫೋನ್ ಮಾಡುವಾಗ ಅದನ್ನು ಎಳೆದುಕೊಂಡು ಕೂರುತ್ತಿದ್ದಳು.

ಜೈಲಿನ ಪುಸ್ತಕ ಅಚ್ಚಾಗಿ ಬಂದ ಸಂಜೆ ಕುಣಿಯುತ್ತಲೇ ಮನೆಗೆ ಹೋದೆ. ನಾನು ಬರೆದದ್ದು, ಪುಸ್ತಕವಾಗಿ! ಮಗಳು ಪುಟ ತಿರುವುತ್ತಾ ಕೊನೆಯ ನಕ್ಷೆಗೆ ಬಂದಳು.

"ಇದು ಅಮ್ಮ ಬಿಡಿಸಿದ್ದು" ಎಂದೆ.

ಬೆರಳಿಟ್ಟು ಮಂಚ ಎಣಿಸಿದಳು. ಒಂದು, ಎರಡು, ಮೂರು. ಪುಟವನ್ನು ಅತ್ತಿತ್ತ ತಿರುಗಿಸಿ ಹುಡುಕಿದಳು.

"ಪರದೆ ಇಲ್ಯಲ್ಲಮ್ಮ? ಇವ್ರು ಅವ್ರ ಮಕ್ಕಳ ಹತ್ರ ಎಲ್ಲಿ ಕೂತು ಮಾತಾಡುದು?"

ನಾನು ಪುಸ್ತಕ ತೆಗೆದಿಟ್ಟು, ಊಟಕ್ಕೆ ಏಳು ಮಗಾ ಎಂದೆ.