ಟ್ಯಾಕ್ಸಿ ಬೇಡವೆಂದ ದಿನ

ದೇವನಹಳ್ಳಿಯ ವಿಮಾನ ನಿಲ್ದಾಣ ಆಗಷ್ಟೇ ಶುರುವಾಗಿತ್ತು. ಅಮ್ಮನಿಗೆ ತೀರಾ ಹುಷಾರಿಲ್ಲವೆಂದು ತಿಳಿದು ಕಲ್ಕತ್ತೆಯಿಂದ ಹೊರಟಿದ್ದ ಅಕ್ಕನನ್ನು ಕರೆತರಲು ನಾನು ಚಾಮರಾಜಪೇಟೆಯಿಂದ ಅಲ್ಲಿಗೆ ಹೋಗಿದ್ದೆ. ವಿಮಾನ ಇಳಿಯುವ ಹೊತ್ತಿಗೆ ಆಸ್ಪತ್ರೆಯಿಂದ ತಮ್ಮ ಫೋನ್ ಮಾಡಿದ. ಅಮ್ಮ ಹೋಗಿಬಿಟ್ಟಿದ್ದಳು.

ಅಕ್ಕ ಸೂಟ್‌ಕೇಸ್ ಎಳೆದುಕೊಂಡು ಓಡುತ್ತಲೇ ಹೊರಗೆ ಬಂದಳು. "ಟ್ಯಾಕ್ಸಿ ಎಲ್ಲಿ ಸಿಗತ್ತೆ? ಎಷ್ಟಾದ್ರೂ ಆಗ್ಲಿ, ಬೇಗ ಹೋಗೋಣ" ಎಂದಳು.

ಟ್ಯಾಕ್ಸಿಯಲ್ಲಿ ನಾವಿಬ್ಬರೇ ಕೂತರೆ ಅವಳು ಅಮ್ಮನ ವಿಷಯ ಕೇಳುತ್ತಾಳೆ, ನಾನು ಹೇಳಲೇಬೇಕಾಗುತ್ತದೆ. ಬಸ್ಸಿನಲ್ಲಾದರೆ ನಾಲ್ಕು ಜನ ಇರುತ್ತಾರೆ, ಮನೆ ಮುಟ್ಟುವವರೆಗೆ ಹೇಗೋ ತಳ್ಳಬಹುದು ಅಂದುಕೊಂಡೆ.

"ಬಸ್ಸಲ್ಲೇ ಹೋಗೋಣ ಅಕ್ಕ. ಅಲ್ಲೇ ನಿಂತಿದೆ ನೋಡು."

ಅವಳು ನಿಂತುಬಿಟ್ಟಳು. ನನ್ನ ಮುಖವನ್ನೇ ನೋಡಿದಳು. "ಅಷ್ಟು ನಿಧಾನಕ್ಕೆ ಹೋದ್ರೂ ಪರವಾಗಿಲ್ವೇನೋ?" ಎಂದು ಮೆಲ್ಲಗೆ ಕೇಳಿದಳು. ನಾನು ಬಸ್ಸಿನ ಕಡೆ ಮುಖ ತಿರುಗಿಸಿದೆ. ಅವಳು ಅಲ್ಲೇ ಸೂಟ್‌ಕೇಸಿನ ಮೇಲೆ ಕುಸಿದು ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆ ಬಸ್ಸು ಹೊರಟುಹೋಯಿತು. ಮುಂದಿನದು ಬಂದಾಗ ಅವಳೇ ಎದ್ದು ಹತ್ತಿದಳು. ಕಿಟಕಿ ಪಕ್ಕ ಕೂತಳು. ಹೆಬ್ಬಾಳ ದಾಟಿದ ಮೇಲೆ, "ಕೊನೇಲಿ ನನ್ನ ಕೇಳಿದ್ಲಾ?" ಎಂದಳು.

ಅಮ್ಮ ಎರಡು ದಿನದಿಂದ ಕಣ್ಣೇ ಬಿಟ್ಟಿರಲಿಲ್ಲ.

"ಕೇಳಿದ್ಲು" ಎಂದೆ.

ಅಕ್ಕ ನನ್ನ ಕೈ ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತಳು. ಮುಂದಿನ ಸೀಟಿನವರು ತಿರುಗಿ ನೋಡಿದರು. ನಾನು ಹೇಳಿದ್ದು ಸುಳ್ಳೆಂದು ಇವತ್ತಿಗೂ ಅವಳಿಗೆ ಗೊತ್ತಿಲ್ಲ.