ಕೂಸಿನ ಮುಂದೆ ಮರಾಠಿ ಬೇಡ

ಇದನ್ನು ಬರೆಯಬೇಕೆಂದು ಕೂತು ಎಷ್ಟೋ ಸಲ ಎದ್ದು ಹೋಗಿದ್ದೇನೆ. ಮೊಮ್ಮಗಳ ತಲೆ ಬಾಚುವಾಗ ನನ್ನ ಸೊಸೆಯ ತುಟಿಗಳು ಅಲುಗುತ್ತವೆ, ದನಿ ಹೊರಡುವುದಿಲ್ಲ. ಗಂಟಲಿನ ನರ ಏರಿಳಿಯುತ್ತದೆ, ಹಾಡು ಒಳಗೇ ಉಳಿಯುತ್ತದೆ. ಮನೆಗೆ ಬಂದವರು ಏನೋ ಜಪ ಮಾಡುತ್ತಾಳೆ ಅಂದುಕೊಳ್ಳುತ್ತಾರೆ. ಅವಳ ದನಿಯನ್ನು ಒಳಗೆ ತಳ್ಳಿದವನು ನಾನು.

ನಾನು ಮೆಟ್ರಿಕ್ ಮುಗಿಸಿ ಬಸ್ ಕಂಡಕ್ಟರನಾದವನು. ಅಥಣಿಯಿಂದ ಕಾಗವಾಡದ ಮೇಲೆ ಮಿರಜಕ್ಕೆ ಹೋಗುವ ಗಾಡಿಯಲ್ಲೇ ನೌಕರಿ ಸವೆಯಿತು. ಕಾಗವಾಡದವರೆಗೆ ಕನ್ನಡದಲ್ಲಿ ಬೈಯುತ್ತಿದ್ದೆ, ಅಲ್ಲಿಂದ ಮುಂದೆ ಮರಾಠಿಯಲ್ಲಿ. ಸೊಸೆಯನ್ನು ಹುಡುಕಿದ್ದೂ ಅದೇ ಗಾಡಿಯಲ್ಲಿ. ಅವಳ ತಂದೆ ಗಡಿಯಾಚೆಯ ಹಳ್ಳಿಯಿಂದ ಹಾಲಿನ ಕ್ಯಾನು ಏರಿಸಿಕೊಂಡು ಬರುತ್ತಿದ್ದವರು. ಉಗಾರ ಬುದ್ರುಕದ ನಮ್ಮ ಮನೆಗೆ ಬಂದಾಗ ಅವಳಿಗೆ ಬರುತ್ತಿದ್ದ ಕನ್ನಡ ಸಂತೆಯಲ್ಲಿ ಕಾಯಿಪಲ್ಲೆ ಕೊಳ್ಳುವಷ್ಟು ಮಾತ್ರ.

ಅವಳದೊಂದು ಮಾತಿತ್ತು: "ಮೊದಲ ನೋಡೂಣು ಮಾಮಾ, ಆಮ್ಯಾಲ ಅನ್ನೂಣು." ನಾನು ಅಂದಮೇಲೆ ನೋಡುವವನು. ಎಮ್ಮೆ ಹಾಲು ಕಡಿಮೆ ಕೊಟ್ಟರೆ ನಾನು ಎಮ್ಮೆಯನ್ನು ಬೈಯುವಷ್ಟರಲ್ಲಿ ಅವಳು ಅದರ ಗೊರಸಿನ ಸಂದಿಯಲ್ಲಿ ಸಿಕ್ಕ ಕಲ್ಲು ತೆಗೆದಿರುತ್ತಿದ್ದಳು.

ನನ್ನ ಮಗನನ್ನೂ ಹಾಗೇ ನೋಡಿದಳು. ಅವನು ಸುಟ್ಟ ಪಂಪಿನ ಮೋಟರ್‌ಗಳಿಗೆ ಹೊಸದಾಗಿ ತಂತಿ ಸುತ್ತುವ ಕೆಲಸದವನು. ಕೈ ಚೊಕ್ಕ, ಬಾಯಿ ಇಲ್ಲ. ಗಿರಾಕಿ ನಮಸ್ಕಾರ ಅಂದರೂ ತಲೆ ಎತ್ತುವುದಿಲ್ಲ. ಸೊಕ್ಕಿನವ ಎಂದು ಊರೆಲ್ಲ ಅನ್ನುತ್ತಿತ್ತು, ಎಲ್ಲರಿಗಿಂತ ಮೊದಲು ಅಂದವನು ನಾನೇ. ಅವಳು ಬಂದಮೇಲೆ ಅಂಗಡಿಯ ಬಾಗಿಲಿಗೆ ಹೋಗಿ ನಿಲ್ಲತೊಡಗಿದಳು. "ಮೋಟರ್ ಅವರಿಗೆ ಕೊಡ್ರಿ, ಮಾತ ನನಗ ಕೊಡ್ರಿ" ಅನ್ನುತ್ತಿದ್ದಳು. ಗಿರಾಕಿಗಳು ನಗುತ್ತಿದ್ದರು. ಅವನ ತಾಟಿನಲ್ಲಿ ಸಾರು ಅನ್ನಕ್ಕೆ ತಾಗದಂತೆ ಬಡಿಸುತ್ತಿದ್ದಳು. ಮದುವೆಮನೆಯಲ್ಲಿ ಬ್ಯಾಂಡು ಶುರುವಾಗುವ ಮೊದಲೇ ಅವನನ್ನು ಹೊರಗೆ ಕರೆದೊಯ್ಯುತ್ತಿದ್ದಳು. ಯಾಕೆಂದು ನಾನು ಕೇಳಲಿಲ್ಲ.

ಮೊಮ್ಮಗಳು ಮೊದಲು ಆಡಿದ ಮಾತು "ಪಾಣಿ", ನೀರು ಅಂತ, ತಾಯಿಯ ಮರಾಠಿಯಲ್ಲಿ. ಎರಡು ತುಂಬುವ ಹೊತ್ತಿಗೆ ಅದೂ ನಿಂತಿತು. ನೀರು ಬೇಕಾದರೆ ನಮ್ಮ ಮಣಿಕಟ್ಟು ಹಿಡಿದು ಎಳೆದೊಯ್ದು, ಇಕ್ಕಳದಂತೆ ನಮ್ಮ ಕೈಯನ್ನು ಕೊಡದ ಮೇಲೆ ಇಡುತ್ತಿದ್ದಳು. ಹೆಸರು ಹಿಡಿದು ಕೂಗಿದರೆ ತಿರುಗುತ್ತಿರಲಿಲ್ಲ. ಕಿವುಡಿರಬಹುದೆಂದು ನಾನು ಹಳೆಯ ಕಂಡಕ್ಟರ್ ಸೀಟಿ ತಂದು ಅವಳ ಕಿವಿಯ ಬಳಿ ಜೋರಾಗಿ ಊದಿದೆ. ಕೂಸು ಎರಡೂ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರಿತು, ಸಂಜೆಯ ತನಕ ಹೊರಗೆ ಬರಲಿಲ್ಲ. "ಕಿವಿ ಚಲೋ ಅದಾವು" ಎಂದು ನಾನು ತೀರ್ಪು ಕೊಟ್ಟೆ.

ನಾಲಿಗೆಗೆ ಬಜೆ ತೇಯ್ದು ಹಚ್ಚಿದೆವು. ಹರಕೆ ಹೊತ್ತೆವು. ಒಂದು ದಿನ ಸೊಸೆ ನನ್ನ ಮುಂದೆ ಬಂದು ಕೂತಳು.

"ಮಾಮಾ, ಇಕಿ ನನ್ನ ಮಾರಿ ನೋಡೂದಿಲ್ಲ. ಕೈ ಅಷ್ಟ ನೋಡತಾಳ. ನಾ ಮೊಬೈಲದಾಗ ನೋಡೀನಿ, ಇದಕ್ಕ ಆಟಿಸಂ ಅಂತಾರಂತ. ಡಾಕ್ಟರ್‌ಗೆ ತೋರಸೂಣು."

"ಏನ ಮೊಬೈಲ ಡಾಕ್ಟರ್ ಆದ್ಯಾ ನೀ?"

"ನಿಮ್ಮ ಮಗನ್ನ ನೋಡಿನ ನನಗ ಗೊತ್ತಾತ್ರಿ. ಅವರೂ ಹಿಂಗ ಅದಾರ."

ಅಲ್ಲಿಯವರೆಗೆ ನನಗೆ ಸಿಟ್ಟು ಬಂದಿರಲಿಲ್ಲ. ಆ ಮಾತಿಗೆ ಮೈ ಉರಿಯಿತು, ಯಾಕೆಂದರೆ ಅದು ನನಗೆ ಹೊಸದಾಗಿರಲಿಲ್ಲ. ಮಗ ಸಣ್ಣವನಿದ್ದಾಗ ಹೀಗೇ ಇದ್ದ. ಇದೇ ಮಣಿಕಟ್ಟು, ಇದೇ ಎಳೆದಾಟ, ಹೀಗೇ ಮಂಚದ ಕೆಳಗೆ ಸೇರುವುದು. ಹೊಡೆದು ಸರಿ ಮಾಡಿದೆನೆಂದು ಮೂವತ್ತು ವರ್ಷ ನಂಬಿ ಕೂತವನಿಗೆ ಅವಳು, ಸರಿಯಾಗಿಲ್ಲ ಅಂದಳು.

"ನನ್ನ ಮಗಗ ಹುಚ್ಚ ಅಂತೀಯೇನ? ಎರಡೆರಡ ಭಾಷಾ ತುರಕಿ ಕೂಸಿನ ತಲಿ ಕೆಡಸೀದಿ ನೀ! ಇವತ್ತಿನಿಂದ ಇದರ ಮುಂದ ಮರಾಠಿ ಒಂದ ಅಕ್ಷರ ಬರಬಾರದು."

ನಮ್ಮ ಕಡೆ ಮಾತು ತಡವಾದ ಮಕ್ಕಳ ಬಗ್ಗೆ ಎಲ್ಲರೂ ಹೀಗೇ ಹೇಳುತ್ತಾರೆ, ಹಾಗಾಗಿ ನನಗೆ ಸಾಕ್ಷಿಗಳಿಗೆ ಬರವಿರಲಿಲ್ಲ. ಓಣಿ ಓಣಿಯೇ ತಲೆಯಾಡಿಸಿತು. ಮಗ ಕೇಳಿಸಿಕೊಂಡು ಅಂಗಡಿಗೆ ಹೋದ. ಅವಳ ಕನ್ನಡದಲ್ಲಿ ಕೂಸನ್ನು ಮುದ್ದಿಸುವ ಮಾತುಗಳು ಇರಲಿಲ್ಲ, ಹಾಡು ಮೊದಲೇ ಇಲ್ಲ. ಅವಳು ಬಾಯಿ ಮುಚ್ಚಿದಳು. ತುಟಿ ಅಲುಗಿಸಿ ಹಾಡತೊಡಗಿದಳು. ಎರಡು ವರ್ಷ ಹೀಗೇ ನಡೆಯಿತು. ಮಗುವಿನ ಮಟ್ಟಿಗೆ ಆ ಎರಡು ವರ್ಷ ಎಷ್ಟು ದೊಡ್ಡವೆಂದು ನನಗೆ ಆಗ ಗೊತ್ತಿರಲಿಲ್ಲ.

ಅಂಗನವಾಡಿಯಿಂದ ಮೊಮ್ಮಗಳನ್ನು ತಿರುಗಿ ಕಳಿಸಿದಾಗ ನಾನೇ ಮುಂದಾಗಿ ಎಲ್ಲರನ್ನೂ ಮಿರಜಕ್ಕೆ ಹೊರಡಿಸಿದೆ. ಡಾಕ್ಟರ ಬಾಯಿಂದಲೇ ಸೊಸೆಗೆ ಬುದ್ಧಿ ಹೇಳಿಸಬೇಕೆಂಬುದು ನನ್ನ ಲೆಕ್ಕ. ಮಕ್ಕಳ ಡಾಕ್ಟರು ಹೆಣ್ಣುಮಗಳು. ಸೂಜಿ ಇಲ್ಲ, ಎಕ್ಸ್‌ರೇ ಫೋಟೋ ಇಲ್ಲ. ನೆಲದ ಮೇಲೆ ಕೂತು ಸಾಬೂನಿನ ಗುಳ್ಳೆ ಊದಿದರು, ಚೆಂಡು ಉರುಳಿಸಿದರು, ಮಗು ಯಾರ ಮುಖ ನೋಡುತ್ತದೆ, ಬೇಕಾದದ್ದನ್ನು ಹೇಗೆ ಕೇಳುತ್ತದೆ ಎಂದು ಬಹಳ ಹೊತ್ತು ನೋಡಿದರು. ಸೊಸೆಗೆ ಕೇಳಿದ ಪ್ರಶ್ನೆಗೆಲ್ಲ ನಾನೇ ಉತ್ತರ ಕೊಟ್ಟೆ.

"ಮನ್ಯಾಗ ಎರಡ ಭಾಷಾ ಕಲಸಿ ಹಿಂಗಾಗೇತ್ರಿ."

ಅವರು ನನ್ನ ಕಡೆ ತಿರುಗಿದರು. "ಅಜ್ಜಾರ, ಈ ಗಡಿಮ್ಯಾಗ ಯಾರ ಮನ್ಯಾಗ ಎರಡ ಭಾಷಾ ಇಲ್ಲ ಹೇಳ್ರಿ? ಎಲ್ಲಾ ಹುಡುಗೂರೂ ಮೂಕ ಆಗ್ಯಾವೇನು? ಇದು ಆಟಿಸಂ. ಹುಟ್ಟತಾನ ಬಂದದ್ದು, ಯಾರೂ ಮಾಡಿದ್ದಲ್ಲ. ಆದ್ರ ಲಗೂನ ಕರಕೊಂಡ ಬಂದಿದ್ರ ಕಲಸೂದು ಅವಾಗ ಶುರು ಆಗ್ತಿತ್ತು. ಮನೆತನದಾಗ ಮತ್ಯಾರರೆ ಹಿಂಗ ಅದಾರೇನ್ರಿ?"

"ಯಾರೂ ಇಲ್ಲ" ಅಂದೆ.

"ನಾ ಅದೀನಿ." ಮೂಲೆಯ ಕುರ್ಚಿಯಿಂದ ಮಗನ ದನಿ. ಅವನು ಹೊರಗಿನವರ ಮುಂದೆ ತಾನಾಗಿ ಮಾತಾಡಿದ್ದು ನಾನು ಕಂಡಿರಲಿಲ್ಲ. "ಮಾರಿ ನೋಡಿ ಮಾತಾಡಲೇ ಅಂತ ಅಪ್ಪ ಬೆಲ್ಟ ತೊಗೋತಿದ್ದ. ಈಗ ನಾ ಎಲ್ಲಾರದೂ ಮೂಗ ನೋಡತೀನಿ. ನಿಮಗ ಗೊತ್ತಾತೇನ್ರಿ?"

ಡಾಕ್ಟರು ನಿಧಾನವಾಗಿ, "ಇಲ್ಲಪಾ, ನನಗೂ ಗೊತ್ತಾಗಲಿಲ್ಲ" ಅಂದರು.

ದೊಡ್ಡವರನ್ನು ನೋಡುವ ಮನೋವೈದ್ಯರ ಬಳಿಗೆ ಸೊಸೆಯೇ ಅವನನ್ನು ಕರೆದುಕೊಂಡು ಹೋದಳು. ಹಲವು ಸಲ ಹೋಗಿಬಂದ ಮೇಲೆ ಅವನದೂ ಅದೇ ಎಂದರು. ಅವನು ಮನೆಗೆ ಬಂದು ಚಪ್ಪಲಿ ಬಿಡುತ್ತ ಹೆಂಡತಿಗೆ ಹೇಳಿದ್ದು ಇಷ್ಟೇ: "ಹಂಗಾರ ನನಗ ಸೊಕ್ಕ ಇರಲಿಲ್ಲ." ನಾನು ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿದ್ದೆ. ಪೇಪರು ಕೆಳಗಿಳಿಸಲಿಲ್ಲ.

ಇನ್ನು ಮರಾಠಿ ಆಡು ತಾಯಿ ಎಂದು ಸೊಸೆಗೆ ನಾನು ದೊಡ್ಡ ಮನಸ್ಸು ಮಾಡಿ ಹೇಳಿದೆ. ಅವಳು ಅಂದೇ ಮಗಳ ತಲೆ ಬಾಚುತ್ತ ದನಿ ತೆಗೆದು ಹಾಡಿದಳು. ಕೂಸು ಗಾಬರಿಯಾಗಿ ತಿರುಗಿ ತಾಯಿಯ ಬಾಯಿಯ ಮೇಲೆ ಅಂಗೈ ಒತ್ತಿತು. ಅದಕ್ಕೆ ರೂಢಿಯಾದ ತಾಯಿ ದನಿಯಿಲ್ಲದವಳು. ಈಗ ಮೊಮ್ಮಗಳು ಕಲಿಸುವವರ ಹತ್ತಿರ ಹೋಗುತ್ತಾಳೆ, ಕೆಲವು ಮಾತು ಬಂದಿವೆ, ಚಿತ್ರ ತೋರಿಸಿ ಬೇಕಾದದ್ದು ಕೇಳುತ್ತಾಳೆ. ಬಾಚುವಾಗಿನ ಹಾಡು ಮಾತ್ರ ಇನ್ನೂ ಮೂಕವೇ.

ಹೋದ ಚಳಿಗಾಲದಲ್ಲಿ ಸೊಸೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು, "ನಂದು ತಪ್ಪಾತು, ಯವ್ವಾ" ಅಂದೆ.

ಅವಳ ಕೈ ನಿಲ್ಲಲಿಲ್ಲ. "ಆತ ಬಿಡ್ರಿ ಮಾಮಾ. ನಾ ದೊಡ್ಡಾಕಿ ಇದ್ದೆ. ಸಿಟ್ಟ ಬಂದ್ರ ತವರಮನಿಗಿ ಹೋಗಾಕ ಬಸ್ಸರೆ ಇತ್ತು. ನೀವು ಬೆಲ್ಟ ತೊಗೊಂಡಾಗ ಅವರಿಗೆ ಆರ ವರ್ಸ. ಅವರು ಎಲ್ಲಿ ಹೋಗಬೇಕಿತ್ತು?" ರೊಟ್ಟಿಯನ್ನು ತವೆಗೆ ಹಾಕಿ, ಹಿಟ್ಟಿನ ಕೈ ಅಂಗಡಿಯ ಕಡೆ ತೋರಿಸಿದಳು. "ಹೇಳೂದಿದ್ರ ಅವರಿಗೆ ಹೇಳ್ರಿ."

ಆಮೇಲೆ ಅವಳು ಆ ಮಾತು ಎತ್ತಿಲ್ಲ. ಮಗ ಊಟಕ್ಕೆ ಬಂದಾಗ ನಮ್ಮಿಬ್ಬರ ತಾಟು ಎದುರುಬದುರು ಇಟ್ಟು, ಮಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಾಳೆ. ನನಗೆ ಜಾಗ ಮಾಡಿಕೊಡಲಿಕ್ಕೆಂದೇ ಹೋಗುತ್ತಾಳೆ. ನಾನು ಗಂಟಲು ಸರಿ ಮಾಡಿಕೊಳ್ಳುತ್ತೇನೆ. ಇವತ್ತು ಕರೆಂಟು ಎಷ್ಟೊತ್ತಿಗೆ ಹೋತು ಎಂದು ಕೇಳುತ್ತೇನೆ. ಅವನು ಹೇಳುತ್ತಾನೆ. ಅವಳು ಒಳಗೆ ಬಂದು ನಮ್ಮಿಬ್ಬರನ್ನೂ ಒಮ್ಮೆ ನೋಡಿ ತಾಟು ಎತ್ತುತ್ತಾಳೆ.

ಸೊಸೆಯ ಮುಂದೆ ತಪ್ಪಾಯಿತು ಅಂದೆ, ಸುಲಭವಾಯಿತು. ಆರು ವರ್ಷದವನಿದ್ದಾಗ ನಾನು ಯಾರ ಗದ್ದ ಹಿಡಿದು ಮುಖ ಎತ್ತಿಸಿ ಹೊಡೆದೆನೋ ಅವನ ಮುಂದೆ ಇನ್ನೂ ಅಂದಿಲ್ಲ. ಅವನು ನನ್ನ ಮಗ.